ಎಸರಿಡುವ ಸದ್ದು

ಪಾಲಮ್ಮ ಜೇಜಿಯ ಕಥೆಗಳು ಯಾವತ್ತೂ ಒಂದು ಸದ್ದಿನಿಂದಲೇ ಶುರುವಾಗುತ್ತಿದ್ದವು. "ದೂರದಾಗೆ ಒಂದು ಸದ್ದು ಕೇಳಿಸ್ತಂತೆ," ಅನ್ನುತ್ತಿದ್ದಳು, ಆಮೇಲೆ ಎಲೆಅಡಿಕೆ ಕುಟ್ಟುತ್ತ ಸುಮ್ಮನಾಗಿಬಿಡುತ್ತಿದ್ದಳು. ಆನೆಯದೋ, ಕುದುರೆಯದೋ, ಹಳ್ಳಕ್ಕೆ ನೀರು ಬಂದದ್ದೋ ಅಂತ ಮಕ್ಕಳು ಕೇಳಿ ಕೇಳಿ ಸಾಕಾದ ಮೇಲೆಯೇ ಕಥೆ ಮುಂದಕ್ಕೆ ಹೋಗುತ್ತಿದ್ದದ್ದು. ಅವಳ ಕಥೆಯಲ್ಲಿ ಎಲ್ಲರ ಕಾಲಿಗೂ ಸದ್ದಿತ್ತು. ರಾಕ್ಷಸನ ಕಾಲಿಗೆ ಗುಡುಗು, ಸೊಸೆಯ ಕಾಲಿಗೆ ಗೆಜ್ಜೆ, ಕಳ್ಳನ ಕಾಲಿಗೂ ಒಣಗಿದ ಎಲೆ. "ಸದ್ದಿಲ್ದಂಗೆ ಬರೋನು ಲೋಕದಾಗೆ ಒಬ್ಬನೇ, ಯಮನ ಕಡೆಯೋನು. ಸದ್ದು ಮಾಡ್ಕಂಡು ಬರೋನು ನಮ್ಮೋನು. ಅವನಿಗೆ ಬಾಗಿಲು ತೆಗೀಬೇಕು, ಎಸರಿಡಬೇಕು."

ಮೊಳಕಾಲ್ಮೂರಿನ ನೇಕಾರರ ಬೀದಿಯ ಆ ಮನೆಯಲ್ಲಿ ಈಗ ಕಥೆ ಕೇಳುವ ವಯಸ್ಸಿನವರು ಯಾರೂ ಇರಲಿಲ್ಲ. ಜೇಜಿಯ ಮೊಮ್ಮಗಳು ಜ್ಯೋತಿಲಕ್ಷ್ಮಿಗೆ ಗಂಡು ನೋಡುತ್ತಿದ್ದರು. ಮೊಮ್ಮಗ ಸಾಯಿಕುಮಾರ್ ರಾಂಪುರದ ಪಂಪ್‌ಸೆಟ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಆದರೂ ಜ್ಯೋತಿ ಲಾಳಿಯೊಳಗಿಡುವ ಕಂಡಿಕೆಗೆ ರೇಷ್ಮೆ ಸುತ್ತುತ್ತ ಜೇಜಿಯ ಮಂಚದ ಕಾಲಿಗೆ ಒರಗಿ, "ಆಮೇಲೆ ಆ ಸದ್ದು ಏನಾಗಿತ್ತು ಜೇಜಿ?" ಅಂತ ಈಗಲೂ ಕೇಳುತ್ತಿದ್ದಳು.

"ಹಾಲು ಉಕ್ಕಿದ ಸದ್ದಾಗಿತ್ತು ಕಣೆ! ಎದ್ದು ಬಂದು ಒಲೆ ನೋಡು," ಅಂತ ಅಡುಗೆಮನೆಯಿಂದ ಅವ್ವ ಗೀತಮ್ಮ ಕೂಗುತ್ತಿದ್ದಳು.

ಜೇಜಿಯ ಮಂಚ ಇದ್ದದ್ದು ನಡುಮನೆಯಲ್ಲಿ, ಮಗ್ಗದ ಪಕ್ಕದಲ್ಲೇ. ಮೊಳಕಾಲ್ಮೂರಿನ ಅಂಚಿನ ಸೀರೆಗೆ ಒಬ್ಬರ ಕೈ ಸಾಲದು. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರ ಒಡಲಿನ ಲಾಳಿ ಎಸೆಯಬೇಕು, ಪಕ್ಕದ ಮಣೆಯ ಮೇಲೆ ಕೂತವರು ಅಂಚಿನ ಲಾಳಿ ಹಾಯಿಸಿ ಎರಡು ಬಣ್ಣವನ್ನೂ ಒಂದರ ಕೊರಳಿಗೆ ಒಂದು ತೊಡಿಸಿ ಕೂಡಿಸಬೇಕು. ಆ ಅಂಚಿನ ಮಣೆಯ ಮೇಲೆ ಜೇಜಿ ಮೊದಲು ಗಂಡನ ಪಕ್ಕ, ಆಮೇಲೆ ಮಗ ರಂಗಯ್ಯನ ಪಕ್ಕ ತನ್ನ ಆಯಸ್ಸನ್ನೆಲ್ಲ ಕೂತಿದ್ದಳು. ಕಣ್ಣು ಮಂಜಾದ ಮೇಲೂ ಎಷ್ಟೋ ವರ್ಷ ಕೂತಳು. ಮಗನ ಕಾಲು ಗುಂಡಿಯೊಳಗಿನ ತುಳಿಯುವ ಮರದ ಮೇಲೆ ಬಿದ್ದ ಸದ್ದಿಗೆ ಅವಳ ಕೈ ಲಾಳಿ ಬಿಡುತ್ತಿತ್ತು. ನೋಡುವ ಅಗತ್ಯವೇ ಇರಲಿಲ್ಲ. ಕಣ್ಣು ಪೂರ್ತಿ ಹೋಗಿ, ಬೆರಳು ನಡುಗಲು ಶುರುವಾದ ಮೇಲೆ ಆ ಮಣೆಗೆ ಸಾಯಿ ಬಂದ. ಒಂದು ವರ್ಷ ಕೂತು, ಒಂದು ದಿನ ಸೀರೆ ಅರ್ಧಕ್ಕಿರುವಾಗಲೇ ಎದ್ದುಹೋದ.

"ಅಂಚು ನಡುವಿಗೇ ಬಿಟ್ಟು ಎದ್ದೋಗೋನು ಬಾಳಿಗೂ ಅಷ್ಟೇ," ಅಂದಿದ್ದ ರಂಗಯ್ಯ. ಅವತ್ತಿನಿಂದ ಅಂಚಿಗೆ ಕೂತವಳು ಜ್ಯೋತಿ. ಅಪ್ಪನಿಗೂ ಮಗನಿಗೂ ಮಾತು ಅಂದರೆ ಕಚ್ಚಾಟ, ಇಲ್ಲದಿದ್ದರೆ ಮೌನ.

ಸಾಯಿ ರಾಂಪುರದ ಸಂಬಳ ಕೂಡಿಟ್ಟು ಹಳೇ ಮಾರುತಿ ಜೆನ್ ಕಾರೊಂದನ್ನು ತಂದ. ಹೋಗುವಾಗ ಬರುವಾಗ ಊರವರನ್ನು ಸೀಟಿಗಿಷ್ಟು ಅಂತ ಕೂರಿಸಿಕೊಂಡರೆ ಪೆಟ್ರೋಲು ಗಿಟ್ಟುತ್ತಿತ್ತು. ಕಾರು ಬಂದ ಮೇಲೆ ಅವನಿಗೆ ಅದರ ಸೈಲೆನ್ಸರಿನ ಹುಚ್ಚು ಹಿಡಿಯಿತು. ಊಟಕ್ಕೆ ಕೂತರೆ ಫೋನಿನಲ್ಲಿ ಯಾರದೋ ಕಾರು ಬೊಬ್ಬೆ ಹಾಕುತ್ತಿತ್ತು. "ಇದು ಕೇಳು ಜ್ಯೋತಕ್ಕ, ಇದಕ್ಕೆ ಹೆಡರ್ ಹಾಕವ್ರೆ. ಇದು ಬರೇ ಡಬ್ಬಿ ಬದಲಾಯಿಸಿರೋದು. ವ್ಯತ್ಯಾಸ ಗೊತ್ತಾಯ್ತಾ?" ಜ್ಯೋತಿಗೆ ಎರಡೂ ಗುಡುಗಿನ ಹಾಗೇ ಕೇಳಿಸುತ್ತಿತ್ತು, ಆದರೆ ತಮ್ಮನ ಮುಖ ನೋಡಿ "ಹೂಂ" ಅನ್ನುತ್ತಿದ್ದಳು.

ಕೊನೆಗೆ ಒಂದು ಭಾನುವಾರ ಅವಳನ್ನೂ ಕರಕೊಂಡು ಚಳ್ಳಕೆರೆಗೆ ಹೋದ. ಎಣ್ಣೆ ಮಿಲ್ಲುಗಳ ಕಡೆ, ಹುರಿದ ಶೇಂಗಾದ ವಾಸನೆಯ ಬೀದಿಯಲ್ಲಿ ಚಂದ್ರಶೇಖರನ ಸೈಲೆನ್ಸರ್ ಅಂಗಡಿ. ಗೋಡೆ ತುಂಬ ಕೊಳವೆ, ಡಬ್ಬಿ, ಬಾಗಿದ ಪೈಪು. ಜ್ಯೋತಿಯ ಕಣ್ಣಿಗೆ ಯಾವುದೋ ಮದುವೆಯ ವಾಲಗದವರು ಬಿಟ್ಟುಹೋದ ಸಾಮಾನಿನ ಹಾಗೆ ಕಂಡಿತು.

"ನಿನಗೆ ಸೌಂಡ್ ಬೇಕೋ, ಪಿಕಪ್ ಬೇಕೋ ಮೊದಲು ಹೇಳು," ಅಂದ ಶೇಖರಣ್ಣ.

"ಎರಡೂ."

"ಎರಡೂ ಅಂತ ಹೇಳ್ದೋರೆಲ್ಲ ಆಮೇಲೆ ಒಂದಕ್ಕೆ ಬರ್ತಾರೆ. ನಿಂದು ಸಣ್ಣ ಇಂಜಿನ್. ದಪ್ಪ ಪೈಪ್ ಹಾಕ್ಸಿದ್ರೆ ಹುಲಿ ಥರ ಕೂಗ್ತೈತೆ, ಗುಡ್ಡ ಹತ್ತುವಾಗ ಎಮ್ಮೆ ಥರ ನಿಂತ್ಕಂತೈತೆ. ಪೈಪು ಒಂದು ಸೈಜ್ ಮಾತ್ರ ದೊಡ್ಡದು ಹಾಕ್ಸು. ಹಿಂದಿನ ಡಬ್ಬಿ ಇದು ತಗ." ಶೇಖರಣ್ಣ ಒಂದು ಉದ್ದನೆಯ ಸ್ಟೀಲ್ ಡಬ್ಬಿ ಇಳಿಸಿ ಒಳಗೆ ಬೆಳಕು ಬಿಟ್ಟು ತೋರಿಸಿದ. ಒಳಗೆ ಜರಡಿಯಂಥ ಒಂದೇ ನೆಟ್ಟಗಿನ ಕೊಳವೆ, ಅದರ ಸುತ್ತ ಗಾಜಿನ ಹತ್ತಿ. "ಕಂಪನಿ ಡಬ್ಬೀಲಿ ಗೋಡೆ ಮೇಲೆ ಗೋಡೆ. ಹೊಗೆ ಸುತ್ತಿ ಸುತ್ತಿ ಸುಸ್ತಾಗಿ ಹೊರಗೆ ಬರ್ತೈತೆ, ಅದಕ್ಕೇ ಸದ್ದಿಲ್ಲ. ಇದ್ರಾಗೆ ನೆಟ್ಟಗೆ ಬರ್ತೈತೆ."

ಸಾಯಿ ಬೆರಳಿಂದ ಬಡಿದು, ಕಿವಿಯಿಟ್ಟು, ಇನ್ನೆರಡು ಡಬ್ಬಿಗಳನ್ನು ಪಕ್ಕಕ್ಕಿಟ್ಟು ಮಧ್ಯಾಹ್ನವೆಲ್ಲ ಕಳೆದ. ಮದುವೆ ಸೀರೆ ಆರಿಸುವ ಹೆಂಗಸರು ಕೂಡ ಅಷ್ಟು ಹೊತ್ತು ಕೂರುವುದಿಲ್ಲ ಅಂದುಕೊಂಡಳು ಜ್ಯೋತಿ. ವೆಲ್ಡಿಂಗ್ ಮುಗಿದು ಕಾರು ಮೊದಲ ಸಲ ಉಸಿರು ಬಿಟ್ಟಾಗ ತಮ್ಮನ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ನೋಡಿದಳು, ನೋಡದ ಹಾಗೆ ಮಾಡಿದಳು.

ಅವತ್ತಿನಿಂದ ಬೀದಿಗೆ ಹೊಸ ಜಗಳ.

"ನಿಮ್ಮ ಹುಡುಗನ ಕಾರು ಬಂದ್ರೆ ನಮ್ಮ ಎಮ್ಮೆ ಹಾಲು ಬಿಡಲ್ಲ ಗೀತಮ್ಮ," ಅಂದಳು ಎದುರುಮನೆ ಯರ್ರಮ್ಮ.

"ಹಾಲು ಬಿಡದ ಎಮ್ಮೆಗೆ ಕಾರಿನ ನೆಪ," ಅಂದಳು ಜೇಜಿ, ಮಂಚದಿಂದಲೇ.

"ಕಾರಿಗೆ ಗಂಟಲು ಬಂತು, ಓಡ್ಸೋನಿಗೆ ಬುದ್ಧಿ ಬರ್ಲಿಲ್ಲ," ಅಂದ ರಂಗಯ್ಯ, ತಟ್ಟೆಯ ಮುದ್ದೆಗೆ ಹೇಳುವಂತೆ.

"ನಿನ್ನ ಮಗ್ಗ ಬೆಳಗಾದ್ರೆ ಟಕಟಕ ಅಂತೈತಲ್ಲಪ್ಪ, ಅದು ಸದ್ದಲ್ವಾ?"

"ಲೇ, ಅದು ಅನ್ನದ ಸದ್ದು ಕಣೋ!"

"ಇದು ನಂದು," ಅಂದು ಸಾಯಿ ಕೈ ತೊಳೆದ. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು. ರಂಗಯ್ಯ ಆ ಕಾರಿನಲ್ಲಿ ಕೂರುವುದಿಲ್ಲ ಅಂತ ಆಣೆ ಹಾಕಿ, ರಾಂಪುರಕ್ಕೆ ಹೋಗಬೇಕಾದರೂ ಬಸ್ಸಿಗೆ ಕಾಯತೊಡಗಿದ.

ಆ ಸದ್ದಿಗೆ ಮನೆಯಲ್ಲಿ ಇದ್ದ ಒಂದೇ ನಂಟು ಜೇಜಿಯದು. ಸಂಜೆ ಕಾರು ಗುಡ್ಡದ ತಿರುವಿಗೆ ಬಂದರೆ, ಬೇರೆ ಯಾರ ಕಿವಿಗೂ ಬೀಳುವ ಮೊದಲೇ ಅವಳು ಎದ್ದು ಕೂತು ಸೆರಗು ಸರಿಮಾಡಿಕೊಳ್ಳುವಳು. "ಗೀತಾ, ಎಸರಿಡು. ಹುಡುಗ ಬಂದ." ಮುದ್ದೆಗೆ ಇಟ್ಟ ನೀರು ಕುದಿ ಬರುವುದಕ್ಕೂ ಸಾಯಿ ಬೀದಿ ತುದಿಯ ಬೇವಿನ ಮರದ ಹತ್ತಿರ ಮೂರು ಸಲ ಬುರ್ ಬುರ್ ಬುರ್ ಅನ್ನಿಸುವುದಕ್ಕೂ ಸರಿಹೋಗುತ್ತಿತ್ತು. ಆ ಮೂರು ಬುರ್ರು ಜೇಜಿಗಾಗಿಯೇ. ಅವನು ಬಂದು ಪಕ್ಕದಲ್ಲಿ ಕೂತು ಮೊದಲ ತುತ್ತು ನುಂಗಿದ ಮೇಲೆಯೇ ಅವಳು ತನ್ನ ತಟ್ಟೆಗೆ ಕೈಯಿಡುತ್ತಿದ್ದದ್ದು.

"ಇವತ್ತು ನಿನ್ನ ಕಾರಿಗೆ ಕೆಮ್ಮು ಬಂದೈತಲ್ಲ ನಾಯನಾ," ಅನ್ನುವಳು ಒಮ್ಮೊಮ್ಮೆ.

"ಹೂಂ ಜೇಜಿ, ಪ್ಲಗ್ಗು ಹೋಗೈತೆ. ಹೆಂಗ್ ಗೊತ್ತಾಯ್ತು?"

"ನಲವತ್ತು ವರ್ಷ ಕಿವೀಲಿ ಸೀರೆ ನೇಯ್ದೀನಿ. ನಿನ್ನ ಡಬ್ಬ ಯಾವ ಲೆಕ್ಕ?"

ಕಡಲೆಕಾಯಿ ಕೀಳುವ ಕಾಲದಲ್ಲಿ ಜೇಜಿ ಬಚ್ಚಲಲ್ಲಿ ಕುಸಿದು ಬಿದ್ದಳು. ಸಾಯಿಯ ಕಾರಿನಲ್ಲೇ ಚಳ್ಳಕೆರೆಯ ಆಸ್ಪತ್ರೆಗೆ ಒಯ್ದರು. ರಂಗಯ್ಯ ಆಣೆ ಮರೆತು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಡಾಕ್ಟರು ಗುಂಡಿಗೆ ಸೋತಿದೆ ಅಂದರು. ಮಾತ್ರೆ ಬರೆದುಕೊಟ್ಟು, "ವಯಸ್ಸಾಗಿದೆ, ನೆಮ್ಮದಿಯಾಗಿ ಇರಲಿ. ಗಾಬರಿ ಬೀಳೋ ಹಾಗೆ ಏನೂ ಬೇಡ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ," ಅಂದರು.

ನೆಮ್ಮದಿ ಅಂದರೆ ಏನು ಅಂತ ಡಾಕ್ಟರನ್ನು ಯಾರೂ ಕೇಳಲಿಲ್ಲ. ಮನೆಯವರೆಲ್ಲ ಕೂತು ತಾವೇ ತೀರ್ಮಾನ ಮಾಡಿದರು. ಮಂಚವನ್ನು ಮಗ್ಗದ ಪಕ್ಕದಿಂದ ಎತ್ತಿ ಹಿಂದಿನ ಕೋಣೆಗೆ ಹಾಕಿದರು, ರಾಗಿ ಮೂಟೆ ಇಡುತ್ತಿದ್ದ, ದಪ್ಪ ಗೋಡೆಯ ತಂಪು ಕೋಣೆ. ಮಿಕ್ಸಿ ಹಾಕುವುದಿದ್ದರೆ ಗೀತಮ್ಮ ಯರ್ರಮ್ಮನ ಮನೆಗೆ ಹೋಗಿ ರುಬ್ಬಿಕೊಂಡು ಬರುವಳು. ರಂಗಯ್ಯ ಮನೆಯ ಮಗ್ಗ ನಿಲ್ಲಿಸಿದ.

"ಸೀರೆ?" ಅಂದಳು ಗೀತಮ್ಮ.

"ಯರ್ರಮ್ಮನ ಮನೇಲಿ ಮಗ್ಗ ಖಾಲಿ ಬಿದ್ದೈತೆ. ನಾನೂ ಜ್ಯೋತೀನೂ ಅಲ್ಲಿ ಕೂತ್ಕಂತೀವಿ. ಅಮ್ಮ ಹುಷಾರಾಗ್ಲಿ."

ಆಗ ಸಾಯಿ, ಬಾಗಿಲಿಗೆ ಒರಗಿ ನಿಂತಿದ್ದವನು, ಕೇಳದಿದ್ದರೂ ಹೇಳಿದ. "ನಾನೂ ಸೈಲೆನ್ಸರ್ ಬಿಚ್ಚಿಸ್ತೀನಿ."

ರಂಗಯ್ಯ ಮಗನನ್ನು ನೋಡಿದ. ಬಹಳ ದಿನದ ಮೇಲೆ ಅವನ ಮುಖ ನೋಡಿಯೇ ಮಾತಾಡಿದ. "ನಿಜವಾಗ್ಲೂ?"

"ಜೇಜಿಗಿಂತ ಡಬ್ಬಿ ದೊಡ್ದಾ?"

"ನಾಳೆ ಹೋಗಾಣ. ನಾನೂ ಬರ್ತೀನಿ."

ಮಾರನೆಯ ದಿನ ಮಾತ್ರೆ ತರಲು ಜ್ಯೋತಿಯೂ ಜೊತೆಗೆ ಹೋದಳು. ದಾರಿಯುದ್ದಕ್ಕೂ ಕಾರು ತನ್ನ ಕೊನೆಯ ಹಾಡು ಹಾಡಿತು, ಅಪ್ಪ ಗೊಣಗಲಿಲ್ಲ. ಶೇಖರಣ್ಣನ ಅಂಗಡಿಯಲ್ಲಿ ರಂಗಯ್ಯ ಚಪ್ಪಲಿ ಬಿಟ್ಟು ಒಳಗೆ ಹೋದ, ರೇಷ್ಮೆ ಅಂಗಡಿಗೆ ಹೋಗುವ ಹಾಗೆ.

"ಎಲ್ಲಕ್ಕಿಂತ ಸದ್ದು ಕಮ್ಮಿ ಯಾವುದೈತೆ, ಅದು ಕೊಡಪ್ಪ."

"ನೀವೇ ಕೇಳಿ ಯಜಮಾನ್ರೇ," ಅಂದು ಶೇಖರಣ್ಣ ಅಂಗಡಿ ಮುಂದಿದ್ದ ಕಾರುಗಳನ್ನು ಒಂದೊಂದಾಗಿ ಚಾಲೂ ಮಾಡಿದ. ರಂಗಯ್ಯ ಕಣ್ಣು ಮುಚ್ಚಿ ನಿಂತು ಕೇಳಿದ. "ಇದು ಎದೆಗೆ ಬಡೀತೈತೆ. ಇದು ಪರವಾಗಿಲ್ಲ, ಆದ್ರೆ ಅಡೀಲಿ ಗುಂಯ್ ಅಂತೈತೆ, ಮುದುಕರಿಗೆ ಆ ಗುಂಯ್ ಆಗಲ್ಲ."

"ಸರಿಯಾಗಿ ಹೇಳ್ದೆ ಅಪ್ಪ," ಅಂದ ಸಾಯಿ ಬೆರಗಾಗಿ. "ಅದಕ್ಕೆ ನಡುವೆ ಒಂದು ರೆಸೋನೇಟರ್ ಹಾಕ್ಬೇಕು, ಸಣ್ಣ ಡಬ್ಬಿ. ಆ ಗುಂಯ್ ಅನ್ನೋದನ್ನ ಅದು ತಿನ್ಕಂಬಿಡ್ತೈತೆ."

"ಹಂಗಾದ್ರೆ ಅದೂ ಹಾಕ್ಸು. ಜಾಯಿಂಟಿಗೆ ವಾಷರ್ ಹೊಸದು ಹಾಕ್ಸು, ಹಳೇದ್ರಾಗೆ ಉಸಿರು ಸೋರೀತು."

ಅಪ್ಪ ಮಗ ಇಬ್ಬರೂ ಮಂಡಿಯೂರಿ ಕಾರಿನ ಹೊಟ್ಟೆಯ ಕೆಳಗೆ ತಲೆ ಹಾಕಿದ್ದರು. ಜ್ಯೋತಿ ಮಾತ್ರೆಯ ಚೀಲ ಹಿಡಿದು ಆ ನಾಲ್ಕು ಪಾದಗಳನ್ನು ನೋಡುತ್ತ ನಿಂತಳು. ಜೇಜಿಯ ಕಥೆಯಲ್ಲಿ ಶಾಪ ಕಳೆಯುವುದು ಹೀಗೇ, ಯಾರೂ ನೆನೆಸದ ಜಾಗದಲ್ಲಿ ಅಂದುಕೊಂಡಳು. ಹಳೇ ಸ್ಟೀಲ್ ಡಬ್ಬಿಯನ್ನು ಶೇಖರಣ್ಣ ಹೊಸದರ ಲೆಕ್ಕಕ್ಕೆ ಹಿಡಿದುಕೊಂಡ. ಸಾಯಿ ಅದನ್ನು ಒಮ್ಮೆ ಸವರಿ ಅಂಗಡಿಯ ಮೂಲೆಗಿಟ್ಟ. ವಾಪಸು ಬರುವಾಗ ತಳಕು ಊರಿನ ಹತ್ತಿರ ಮೂವರೂ ಮಿರ್ಚಿ ತಿಂದರು. ಕಾರು ಬೆಕ್ಕಿನ ಹಾಗೆ ಬೀದಿಗೆ ಬಂದು ನಿಂತಿತು. ಯರ್ರಮ್ಮನ ಎಮ್ಮೆ ಕೂಡ ತಲೆ ಎತ್ತಲಿಲ್ಲ.

ಮನೆ ಈಗ ಎಷ್ಟು ಸುಮ್ಮನಾಯಿತೆಂದರೆ ಗೋಡೆ ಗಡಿಯಾರ ಕೂಡ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ನಡೆಯುತ್ತಿತ್ತು. ಎಲ್ಲರೂ ಬೆರಳ ತುದಿಯಲ್ಲಿ ಓಡಾಡಿದರು, ಪಿಸುಮಾತಲ್ಲೇ ಜಗಳವಾಡಿದರು. ಅಪ್ಪ ಮಗ ಒಂದೇ ಹೊತ್ತಿಗೆ ಊಟಕ್ಕೆ ಕೂತರು. ಗೀತಮ್ಮ ಅದನ್ನೇ ನೋಡುತ್ತ ಸಾರು ಬಡಿಸುವುದನ್ನು ಮರೆಯುತ್ತಿದ್ದಳು. ಎಲ್ಲವೂ ಸರಿಹೋಗುತ್ತಿದೆ ಅನ್ನಿಸಿತು, ಜೇಜಿಯೊಬ್ಬಳನ್ನು ಬಿಟ್ಟು.

ಅವಳು ಉಣ್ಣುತ್ತಿರಲಿಲ್ಲ. ಮೊದಮೊದಲು, "ಆಮೇಲೆ ಉಣ್ತೀನಿ, ಇನ್ನೂ ಹೊತ್ತೈತೆ," ಅಂದಳು. ಆಮೇಲೆ ಹಸಿವಿಲ್ಲ ಅಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಗೀತಮ್ಮ ಅಂಬಲಿ ಕಾಯಿಸಿ ತಂದಳು, ಬದನೆಕಾಯಿ ಸುಟ್ಟು ಗೊಜ್ಜು ಮಾಡಿ ತಂದಳು. ಜೇಜಿ ತುಟಿಗೆ ತಾಗಿಸಿ ವಾಪಸು ಕೊಟ್ಟಳು. ಒಂದು ದಿನ ಹಾಸಿಗೆ ಕೊಡವುವಾಗ ಜ್ಯೋತಿಯ ಮುಂದೆ ಮಾತ್ರೆಗಳು ಉದುರಿದವು. ಜೇಜಿ ನುಂಗಿದಂತೆ ಮಾಡಿ ದಿಂಬಿನ ಕೆಳಗೆ ಸೇರಿಸಿದ್ದಳು.

"ಯಾಕೆ ಜೇಜಿ ಹಿಂಗ್ ಮಾಡ್ತೀಯಾ?"

"ಮಾತ್ರೆಗೆ ಎಷ್ಟಾಯ್ತು ಜೋತೀ?"

"ಅದು ನಿನಗ್ಯಾಕೆ?"

ಜೇಜಿ ಕತ್ತಲೆಯ ಕಣ್ಣನ್ನು ಅವಳ ಕಡೆ ತಿರುಗಿಸಿದಳು. "ಮಗ್ಗ ಮಾರಿದ್ರಿ. ಹುಡುಗನ ಕಾರು ಮಾರಿದ್ರಿ. ಇನ್ನೇನು ಮಾರ್ತೀರಿ ಈ ಮುದುಕಿಗೆ? ನಿನ್ನ ಕಿವಿ ಓಲೆನಾ?"

ಜ್ಯೋತಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಲಾಳಿಯ ಸದ್ದಿಲ್ಲ, ಮಗ್ಗದ ಹಲಗೆ ಬಡಿದ ಸದ್ದಿಲ್ಲ, ಗುಡ್ಡದ ತಿರುವಿನಲ್ಲಿ ಕಾರಿನ ಸದ್ದಿಲ್ಲ. ಕಿವಿಯಲ್ಲೇ ಲೋಕ ಕಾಣುವವಳಿಗೆ ಮನೆಯೇ ಖಾಲಿಯಾಗಿತ್ತು. ಪಿಸುಪಿಸು ಮಾತು ಕೂಡ ಏನನ್ನೋ ಮುಚ್ಚಿಡುವವರ ಮಾತಾಗಿ ಕೇಳಿಸಿತ್ತು. ಸಾಯಿ ಸಂಜೆ ಮೆಲ್ಲಗೆ ಬಂದು ಕೈ ಹಿಡಿದಾಗಲೆಲ್ಲ ಅವಳು, ಪಾಪ ಹುಡುಗ ಬಸ್ಸಿನಲ್ಲಿ ನಿಂತು ಬಂದವನೆ, ಅಂದುಕೊಂಡಿದ್ದಳು.

ಅವತ್ತೇ ಮಂಚ ಮತ್ತೆ ನಡುಮನೆಗೆ ಬಂತು. ರಂಗಯ್ಯ ಮಗ್ಗದ ಗುಂಡಿಗೆ ಇಳಿದ, ಜ್ಯೋತಿ ಅಂಚಿಗೆ ಕೂತಳು. ಹಲಗೆ ಬಡಿದ ಮೊದಲ ಸದ್ದಿಗೇ ಜೇಜಿಯ ಬೆರಳು ಕಂಬಳಿಯ ಮೇಲೆ ಅಲುಗಾಡಿತು. ಸ್ವಲ್ಪ ಹೊತ್ತು ಕೇಳಿ, "ಇದು ನಮ್ಮ ಮಗ್ಗವೇ," ಅಂದಳು. "ಎಡಗಡೆ ಮರ ಕುಂಟ್ತೈತೆ. ಜೋತೀ, ಲಾಳಿ ಬಿಡೋದು ತಡ ಮಾಡ್ತೀಯಾ, ಅಪ್ಪನ ಕಾಲು ಕೇಳಿಸ್ಕ." ಮಧ್ಯಾಹ್ನ ಅರ್ಧ ಲೋಟ ಅಂಬಲಿ ಕುಡಿದಳು. ಗೀತಮ್ಮ ದೇವರ ಗೂಡಿಗೆ ಕೈ ಮುಗಿದಳು.

ಆದರೆ ಕಾರಿನ ಮಾತಿಗೆ ಅವಳು ಜಪ್ಪಯ್ಯ ಅನ್ನಲಿಲ್ಲ.

"ಮಾರಿಲ್ಲ ಜೇಜಿ, ಬಾಗಿಲಲ್ಲೇ ನಿಂತೈತೆ," ಅಂದ ಸಾಯಿ. ಎತ್ತಿಕೊಂಡು ಹೋಗಿ ಬಾನೆಟ್ಟಿನ ಮೇಲೆ ಅವಳ ಕೈಯಿಟ್ಟ. ಚಾಲೂ ಮಾಡಿದ. ಅದು ಉಸಿರೇ ಇಲ್ಲದ ಹಾಗೆ ನಡುಗಿತು.

"ಇದು ಯಾರದೋ ಕಾರು ನಾಯನಾ. ನನ್ನ ಸಮಾಧಾನಕ್ಕೆ ಕೇಳಿ ತಂದೀಯಾ?"

"ಸೈಲೆನ್ಸರ್ ಬದಲಾಯಿಸಿದ್ದು ಜೇಜಿ, ನಿನಗೆ ತೊಂದ್ರೆ ಆಗ್ಬಾರ್ದು ಅಂತ."

"ಅಷ್ಟು ಆಸೆಪಟ್ಟು ಹಾಕ್ಸಿದ್ದು, ನೀನೇ ಬಿಚ್ಚಿಸ್ದ್ಯಾ? ಸುಳ್ಳು ಹೇಳೋಕೂ ಒಂದು ಅಂದ ಬೇಕಪ್ಪ."

ಸಾಯಿ ಹಾರನ್ ಹೊಡೆದ. ಒಂದಲ್ಲ, ಬೀದಿಯೆಲ್ಲ ಹೊರಗೆ ಬರುವ ತನಕ ಹೊಡೆದ.

"ಹಾರನ್ನು ಯಾರ್ ಬೇಕಾದ್ರೂ ಹೊಡೀತಾರೆ," ಅಂದಳು ಜೇಜಿ. "ಒಳಗೆ ಕರ್ಕಂಡೋಗು."

ಮಾತ್ರೆಯನ್ನು ಅವತ್ತೂ ಉಗಿದಳು. ತನ್ನ ಬಾಯಿಗೆ ಹೋದ ಒಂದೊಂದು ಮಾತ್ರೆಯೂ ಮೊಮ್ಮಗನ ಕಾರಿನ ಒಂದೊಂದು ತುಂಡು ಅನ್ನುವ ನಂಬಿಕೆ ಅವಳಿಗೆ ಬಂದುಬಿಟ್ಟಿತ್ತು. ಕೈಕಾಲು ಊದಿಕೊಂಡವು. ಆಸ್ಪತ್ರೆಗೆ ಹೋಗೋಣ ಅಂದರೆ ಮಂಚದ ಪಟ್ಟಿ ಹಿಡಿದುಕೊಂಡಳು. ಡಾಕ್ಟರಿಗೆ ಫೋನ್ ಮಾಡಿದರೆ, "ಮಾತ್ರೆ ಒಳಗೆ ಹೋಗಲೇಬೇಕು," ಅಂದರು.

ಅಡುಗೆಮನೆಯಲ್ಲಿ ನಾಲ್ವರೂ ನಿಂತಿದ್ದರು.

"ನಾನು ಕಣ್ಣು ಮುಚ್ಕಂಡು ಆರಿಸ್ದೆ," ಅಂದ ರಂಗಯ್ಯ. "ಕಿವಿ ಐತೆ ಅಂತ ಮೆರೆದೆ. ಅಮ್ಮನ ಕಿವಿ ನೆನಪಾಗ್ಲಿಲ್ಲ ನೋಡು."

"ಇಬ್ರೂ ಸೇರಿ ಆರಿಸಿದ್ದಲ್ಲಪ್ಪ," ಅಂದ ಸಾಯಿ. ಮೊದಲ ಸಲ ಅಪ್ಪನ ಹೆಗಲ ಮೇಲೆ ಅವನ ಕೈ ಬಿತ್ತು. "ಹಳೇ ಡಬ್ಬಿ ತರ್ತೀನಿ. ಅದೇ ಬೇಕು. ಬೇರೆ ಹಾಕ್ಸಿದ್ರೆ ಜೇಜಿಗೆ ಗೊತ್ತಾಗ್ತೈತೆ."

ಬೆಳಿಗ್ಗೆ ಹೋದವನು ಮಧ್ಯಾಹ್ನ ಜ್ಯೋತಿಗೆ ಫೋನ್ ಮಾಡಿದ. ಶೇಖರಣ್ಣ ಡಬ್ಬಿಯನ್ನು ಮಾರಿಬಿಟ್ಟಿದ್ದ. ರಾಯದುರ್ಗದ ಒಬ್ಬನ ಕಾರಿಗೆ, ಅದೇ ಥರದ ಹಳೇ ಜೆನ್‌ಗೆ ಅದು ಸೇರಿತ್ತು. ಸಾಯಿ ನೆಟ್ಟಗೆ ರಾಯದುರ್ಗಕ್ಕೆ ಹೋಗಿದ್ದ. "ಆಯಪ್ಪ ಮನೇಲಿಲ್ಲ ಜ್ಯೋತಕ್ಕ. ಚಿತ್ರದುರ್ಗಕ್ಕೆ ಹೋಗವ್ನಂತೆ, ಸಂಜೆ ಬರ್ತಾನಂತೆ. ಎಷ್ಟು ಕೇಳಿದ್ರೂ ಕೊಟ್ಟು ತರ್ತೀನಿ. ಜೇಜಿ ಉಂಡ್ಲಾ?"

"ಇಲ್ಲ ಕಣೋ."

ಆ ಸಂಜೆ ಬಿಸಿಲು ಇಳಿಯುತ್ತಿತ್ತು. ಜ್ಯೋತಿ ಮಂಚದ ಕಾಲಿಗೆ ಒರಗಿ ಕಂಡಿಕೆ ಸುತ್ತುತ್ತಿದ್ದಳು. ಜೇಜಿ ಕಣ್ಣು ಮುಚ್ಚಿದ್ದಳು, ಉಸಿರು ಎಳೆ ಎಳೆಯಾಗಿ ಹೋಗಿ ಬರುತ್ತಿತ್ತು. ಇದ್ದಕ್ಕಿದ್ದ ಹಾಗೆ ಅವಳ ಕೈ ಬಂದು ಜ್ಯೋತಿಯ ತಲೆಯ ಮೇಲೆ ಬಿತ್ತು.

"ಸದ್ದು ಕೇಳಿಸ್ತಾ?"

ಜ್ಯೋತಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಗುಡ್ಡದ ತಿರುವಿನಲ್ಲಿ, ಎದೆಯೊಳಗಿಂದ ಎದ್ದ ಹಾಗೆ, ಅದೇ ಸದ್ದು. ಅವಳ ಕೈಯಿಂದ ಕಂಡಿಕೆ ಜಾರಿ ಉರುಳಿತು. ಸಾಯಿ ರಾಯದುರ್ಗದಲ್ಲಿದ್ದ. ಡಬ್ಬಿ ಕೊಂಡವನು ಚಿತ್ರದುರ್ಗದಿಂದ ರಾಯದುರ್ಗಕ್ಕೆ ವಾಪಸು ನಮ್ಮೂರ ಮೇಲೆಯೇ ಹೋಗಬೇಕಲ್ಲ ಅಂತ ಅವಳಿಗೆ ಹೊಳೆಯಿತು.

ಜೇಜಿ ಎದ್ದು ಕೂತಿದ್ದಳು, ಯಾರೂ ಹಿಡಿಯದೆ. ಸೆರಗು ಸರಿಮಾಡಿಕೊಂಡಳು. "ಗೀತಾ, ಎಸರಿಡು. ಹುಡುಗ ಬಂದ. ಅಯ್ಯೋ ನನ್ನ ನಾಯನಾ, ಮಾರಿಲ್ಲ, ಮಾರಿಲ್ಲ!"

ಗೀತಮ್ಮ ಬಾಗಿಲಿಗೆ ಬಂದು ಮಗಳ ಮುಖ ನೋಡಿದಳು. ಜ್ಯೋತಿ ಕಣ್ಣಲ್ಲೇ ಸನ್ನೆ ಮಾಡಿದಳು. ಗೀತಮ್ಮ ಒಳಗೆ ಹೋಗಿ ಎಸರಿಟ್ಟಳು.

ಸದ್ದು ಬೀದಿ ತುದಿಗೆ ಬಂತು. ನಿಲ್ಲಲಿಲ್ಲ. ದೊಡ್ಡ ರಸ್ತೆ ಹಿಡಿದು ಮೂಡಲಿಗೆ ಹೋಯಿತು, ಸಣ್ಣದಾಯಿತು.

"ಯಾಕೆ ನಿಲ್ಲಿಸ್ಲಿಲ್ಲ?" ಜೇಜಿಯ ಮುಖ ಆ ಸದ್ದಿನ ಹಿಂದೆಯೇ ತಿರುಗಿತ್ತು.

"ಸೀಟಿಗೆ ಜನ ಸಿಕ್ಕವ್ರೆ ಜೇಜಿ," ಅಂದಳು ಜ್ಯೋತಿ. ಕಥೆ ಕೇಳಿ ಬೆಳೆದವಳು ಅವತ್ತು ಕಥೆ ಹೇಳಿದಳು. "ರಾಯದುರ್ಗಕ್ಕೆ ಬಿಟ್ಟು ಬರ್ತೀನಿ, ಜೇಜಿಗೆ ಊಟ ಮಾಡು ಅನ್ನು ಅಂತ ಆಗಲೇ ಫೋನ್ ಮಾಡಿದ್ದ."

"ಬಾಡಿಗೆ ಸಿಕ್ತು ಅನ್ನು."

"ಹೂಂ. ಇನ್ಮೇಲೆ ದಿನಾ ಸಿಗ್ತೈತೆ."

"ಮತ್ತೆ ಇಷ್ಟು ದಿನ ಯಾಕೆ ಸದ್ದಿರ್ಲಿಲ್ಲ?"

"ಗ್ಯಾರೇಜಿನಾಗಿತ್ತು. ಹೇಳಿದ್ರೆ ನೀನು ಯೋಚನೆ ಮಾಡ್ತೀಯಾ ಅಂತ ಹೇಳ್ಲಿಲ್ಲ."

"ಅದನ್ನ ಮೊದ್ಲೇ ಬೊಗಳಬಾರ್ದಾ!" ಅಂದು ಜೇಜಿ ನಕ್ಕಳು. ಹಲ್ಲಿಲ್ಲದ ಆ ನಗುವಿಗೆ ಮನೆಯೆಲ್ಲ ಬೆಳಕಾಯಿತು. ಮುದ್ದೆ ಬಂತು. ಸೊಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ ಗೀತಮ್ಮ ಕೊಟ್ಟ ಚೂರನ್ನೆಲ್ಲ ನುಂಗಿದಳು. ಮಾತ್ರೆಯನ್ನೂ ನುಂಗಿ ಬಾಯಿ ತೆರೆದು ತೋರಿಸಿದಳು. ರಂಗಯ್ಯ ಮಗ್ಗದ ಗುಂಡಿಯಲ್ಲಿ ಕೂತೇ ಇದ್ದ, ಮೇಲೆ ಏಳಲಾರದೆ.

ಜ್ಯೋತಿ ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನಿನಲ್ಲಿ ನಡೆದದ್ದನ್ನು ಹೇಳಿದಳು. "ಆಯಪ್ಪ ಈಗ ಬಂದ. ಒಪ್ಪಿಕೊಂಡ. ಬೆಳಿಗ್ಗೆ ಮೆಕ್ಯಾನಿಕ್ ಬಂದ ತಕ್ಷಣ ಹಾಕ್ಸಿಕೊಂಡು ಬರ್ತೀನಿ," ಅಂದ. "ನಾಳೆ ನಿಜವಾದ್ದೇ ಕೇಳಿಸ್ತೀನಿ ಅನ್ನು."

ಮಾತ್ರೆ ತಡವಾಗಿತ್ತೋ, ಗುಂಡಿಗೆಯೇ ಅಷ್ಟಕ್ಕೆ ಸಾಕು ಅಂದಿತೋ, ಬೆಳಕು ಹರಿಯುವ ಹೊತ್ತಿಗೆ ಗೀತಮ್ಮ ಕಾಫಿ ತಂದು ಕರೆದಾಗ ಜೇಜಿ ಓಗೊಡಲಿಲ್ಲ. ಯಾವ ಸದ್ದೂ ಆಗಿರಲಿಲ್ಲ. ಪಕ್ಕದಲ್ಲೇ ಮಲಗಿದ್ದ ಜ್ಯೋತಿಗೂ ತಿಳಿದಿರಲಿಲ್ಲ.

ಬಿಸಿಲೇರುವಷ್ಟರಲ್ಲಿ ಪಾಲಮ್ಮನನ್ನು ಜಗಲಿಯ ಮೇಲೆ ಮಲಗಿಸಿ ತಲೆದೆಸೆಯಲ್ಲಿ ದೀಪ ಹಚ್ಚಿದ್ದರು. ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಒಲೆ ಹಚ್ಚುವಂತಿರಲಿಲ್ಲ, ಯರ್ರಮ್ಮ ತನ್ನ ಮನೆಯಿಂದ ಕಾಫಿ ಕಾಯಿಸಿ ತಂದಿದ್ದಳು.

"ಹುಡುಗನಿಗೆ ಹೇಳಿದ್ರಾ?" ಅಂತ ಮೆಲ್ಲಗೆ ಕೇಳಿದಳು.

"ಸ್ಟೇರಿಂಗ್ ಹಿಡ್ಕಂಡು ಬರೋನಿಗೆ ಹೆಂಗ್ ಹೇಳಾಣ ಯರ್ರಮ್ಮ," ಅಂದ ರಂಗಯ್ಯ. "ಬರ್ಲಿ."

ಆಗ ಕೇಳಿಸಿತು. ಇವತ್ತು ಗುಡ್ಡದ ತಿರುವಿನಿಂದಲ್ಲ, ಮೂಡಲ ಕಡೆಯಿಂದ. ಗಾಳಿಯಲ್ಲಿ ತೇಲಿ, ಹತ್ತಿರವಾಗಿ, ದೊಡ್ಡದಾಗಿ. ಕೂತಿದ್ದವರೆಲ್ಲ ತಲೆ ಎತ್ತಿದರು. ಜ್ಯೋತಿಯ ಕಣ್ಣು ತಾನಾಗಿ ಜೇಜಿಯ ಮುಖಕ್ಕೆ ಹೋಯಿತು, ಈಗ ಎದ್ದು ಕೂರುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ ಅನ್ನುವಂತೆ.

ಕಾರು ಬೇವಿನ ಮರದ ಹತ್ತಿರ ಬಂತು. ಬುರ್ ಅಂದಿತು, ಹಬ್ಬದ ಹಾಗೆ. ಮತ್ತೆ ಬುರ್ ಅಂದಿತು. ಅಷ್ಟರಲ್ಲಿ ಸಾಯಿಗೆ ಜನ ಕಂಡಿರಬೇಕು, ದೀಪ ಕಂಡಿರಬೇಕು. ಮೂರನೆಯದು ಬರಲಿಲ್ಲ.

ಇಂಜಿನ್ನು ಮಾತ್ರ ಗುರುಗುಟ್ಟುತ್ತಿತ್ತು. ಗಾಜಿನ ಹಿಂದೆ ಅವನು ಅಲ್ಲಾಡದೆ ಕೂತಿದ್ದ. ಆಮೇಲೆ ಅವನ ಕೈ ಕೀಲಿಗೆ ಹೋಯಿತು. ರಂಗಯ್ಯ ಎದ್ದು ಬರಿಗಾಲಲ್ಲಿ ಓಡಿದ. ಜ್ಯೋತಿ ಅವನ ಹಿಂದೆ ಓಡಿದಳು. ಅವನು ಕಿಟಕಿಯೊಳಗೆ ಕೈ ಹಾಕಿ ಮಗನ ಕೈ ಹಿಡಿದುಕೊಂಡ.

"ಆರಿಸಬ್ಯಾಡ ನನ್ನಪ್ಪಾ. ಇನ್ನೊಂದು ಬಾಕಿ ಐತೆ."

ಸಾಯಿ ಅಪ್ಪನ ಮುಖ ನೋಡಿದ. ಎಕ್ಸಿಲರೇಟರ್ ಒತ್ತಿದ. ಆ ಸದ್ದು ನೇಕಾರರ ಬೀದಿಯ ಗೋಡೆಯಿಂದ ಗೋಡೆಗೆ ಬಡಿದು, ಜಗಲಿಯ ದೀಪವನ್ನು ಅಲ್ಲಾಡಿಸಿ, ಮನೆಯೊಳಗೆ ನುಗ್ಗಿತು.

ಜ್ಯೋತಿ ನೀರಿಗೆಂದು ಒಳಗೆ ಬಂದಾಗ ಅಡುಗೆಮನೆಯಲ್ಲಿ ಗೀತಮ್ಮ ಎಸರಿನ ಪಾತ್ರೆಗೆ ನೀರು ತುಂಬಿಕೊಂಡು, ಹಚ್ಚಬಾರದ ಒಲೆಯ ಮುಂದೆ ನಿಂತಿದ್ದಳು.